ಪತ್ರದಲ್ಲಿ ಹೊಡೆದು ಹಾಕಿದ ಸಾಲು

"ಮೇಡಂ, ಇವಳು ಪ್ರಾರ್ಥನೆ ಮಾಡೋದನ್ನೇ ಬಿಟ್ಟುಬಿಟ್ಟಿದ್ದಾಳೆ." ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ ದಂಪತಿ ಅವರು. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಗಂಡ ಹೇಳಿದ ಮಾತು ಇದು. ಹೆಂಡತಿ ಏನೂ ಹೇಳಲಿಲ್ಲ. ಕೈಚೀಲದ ಜಿಪ್ ಎಳೆಯುತ್ತಿದ್ದರು, ಮತ್ತೆ ಹಾಕುತ್ತಿದ್ದರು.

ಅವರನ್ನು ಇಲ್ಲಿ ಸುನೀತಾ, ಜಯರಾಜ್ ಎಂದು ಕರೆಯುತ್ತೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ಬೆಂಗಳೂರಿನ ಕನ್ನಡ ಸಭೆಯೊಂದರಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದವರು. 11 ವರ್ಷದಿಂದ ಆಫ್ರಿಕಾದ ಮಲಾವಿ ದೇಶದಲ್ಲಿ ಮಿಷನರಿಗಳಾಗಿ ಸೇವೆ ಮಾಡುತ್ತಿದ್ದಾರೆ. ಜಯರಾಜ್ ಹಳ್ಳಿಯ ಸಭಾಪಾಲಕರಿಗೆ (ಪಾಸ್ಟರ್‌ಗಳಿಗೆ) ಬೈಬಲ್ ಪಾಠ ಹೇಳುತ್ತಾರೆ. ಸುನೀತಾ ನರ್ಸ್, ಒಂದು ಸಣ್ಣ ಮಿಷನ್ ಆಸ್ಪತ್ರೆಯ ಮಕ್ಕಳ ವಾರ್ಡ್ ನೋಡಿಕೊಳ್ಳುತ್ತಾರೆ. 13 ವರ್ಷದ ಮಗಳಿದ್ದಾಳೆ. ಮಾರ್ಚ್‌ನಲ್ಲಿ ಆರು ತಿಂಗಳ ರಜೆಗೆಂದು ಲಿಂಗರಾಜಪುರದ ಅಜ್ಜಿ ಮನೆಗೆ ಬಂದಿದ್ದರು. ನನ್ನ ಹತ್ತಿರ ಬಂದದ್ದು ಏಪ್ರಿಲ್ ಕೊನೆಯಲ್ಲಿ.

ರಜೆ ಅಂದರೆ ಏನು ರಜೆ? ಬಂದ ಮೇಲೆ ಒಂದೇ ಒಂದು ಭಾನುವಾರವೂ ಅವರು ಮನೆಯಲ್ಲಿ ಕೂತಿರಲಿಲ್ಲ. ಬೆಂಬಲ ಕೊಡುವ ಒಂದೊಂದು ಸಭೆಗೂ ಹೋಗಿ ಸಾಕ್ಷಿ ಹೇಳಬೇಕು, ಅಂದರೆ ದೇವರು ತಮ್ಮ ಸೇವೆಯಲ್ಲಿ ಏನು ಮಾಡಿದ ಅಂತ ಎಲ್ಲರ ಮುಂದೆ ಹೇಳಬೇಕು, ಫೋಟೋ ತೋರಿಸಬೇಕು, ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೈಮುಗಿಯಬೇಕು. ಆಮೇಲೆ ಯಾರದಾದರೂ ಮನೆಯಲ್ಲಿ ಊಟ. ಊಟದ ಜೊತೆ ಮತ್ತೆ ಅದೇ ಪ್ರಶ್ನೆಗಳು.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಜಯರಾಜ್ ಎತ್ತಿದ ಪ್ರಶ್ನೆಯನ್ನೇ ಹಿಡಿದು ಅರ್ಧ ಗಂಟೆ ಪ್ರಾರ್ಥನೆಯ ಬಗ್ಗೆಯೇ ಮಾತಾಡಿಸಿದೆ. ಸುನೀತಾ "ಹೌದು", "ಇಲ್ಲ" ಬಿಟ್ಟು ಬೇರೆ ಏನೂ ಹೇಳಲಿಲ್ಲ. ಮುಂದಿನ ವಾರ ಅವರೊಬ್ಬರನ್ನೇ ಬರಲು ಹೇಳಿದೆ.

ಆ ದಿನ ಕೈಚೀಲದಿಂದ ಮಡಿಸಿದ ಒಂದು ಹಾಳೆ ಹೊರಗೆ ಬಂತು. ಅವರ ಪ್ರಾರ್ಥನಾ ಪತ್ರದ ಕರಡು. ಇಂಥ ಸೇವೆಯಲ್ಲಿರುವವರು ಎರಡು ಮೂರು ತಿಂಗಳಿಗೊಮ್ಮೆ ಕಾಣಿಕೆ ಕಳಿಸುವವರಿಗೆ, ಪ್ರಾರ್ಥಿಸುವವರಿಗೆ ಪತ್ರ ಬರೆಯುತ್ತಾರೆ. ಕೆಲಸ ಹೇಗೆ ನಡೆದಿದೆ, ಯಾವುದಕ್ಕೆ ಪ್ರಾರ್ಥಿಸಬೇಕು ಅಂತ. ಇವರದು 140 ಮನೆಗಳಿಗೆ ಹೋಗುತ್ತದೆ. ಮೂರನೇ ಸಾಲನ್ನು ನೀಲಿ ಪೆನ್ನಿನಲ್ಲಿ ಹೊಡೆದು ಹಾಕಿದ್ದರು. ಕೆಳಗಿನ ಅಕ್ಷರ ಇನ್ನೂ ಓದಬಹುದಿತ್ತು. "ಫೆಬ್ರವರಿಯಲ್ಲಿ ನಮ್ಮ ವಾರ್ಡಿನಲ್ಲಿ ನಾಲ್ಕು ಮಕ್ಕಳು ತೀರಿಹೋದವು." ಅದರ ಮೇಲೆ ಸಣ್ಣದಾಗಿ ಬರೆದಿದ್ದರು: "ಕರ್ತನ ಕೃಪೆಯಿಂದ ಆಸ್ಪತ್ರೆ ಕೆಲಸ ಚೆನ್ನಾಗಿ ಸಾಗುತ್ತಿದೆ."

"ಯಾಕೆ ಹೊಡೆದು ಹಾಕಿದ್ರಿ?"

"ಕಳಿಸೋರಿಗೆ ಬೇಜಾರಾಗುತ್ತೆ ಮೇಡಂ. ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಪಿಂಚಣಿ ಬಂದ ದಿನವೇ 200 ರೂಪಾಯಿ ಕವರಲ್ಲಿ ಹಾಕಿ ನಮ್ಮ ಹೆಸರು ಬರೀತಾರೆ. ಅವರಿಗೆ ಹೋಗಿ ನಾನು ಸೋತುಹೋದೆ ಅಂತ ಹೇಗೆ ಬರೀಲಿ?"

ಫೆಬ್ರವರಿ ಬಗ್ಗೆ ಹೇಳಿ ಅಂದೆ. ಮಲಾವಿಯಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ಸೊಳ್ಳೆ ಜಾಸ್ತಿ, ಮಲೇರಿಯಾ ಜಾಸ್ತಿ. ಐದು ವರ್ಷದೊಳಗಿನ ಮಕ್ಕಳಿಗೆ ಅದು ಬಂದರೆ ರಕ್ತದ ಕೆಂಪುಕಣಗಳೇ ಒಡೆದು ಹೋಗುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಏದುಸಿರು ಬಿಡುತ್ತದೆ. ಹಳೆಯ ಮೆಕ್ಕೆಜೋಳ ಖಾಲಿಯಾಗುವುದೂ ಅದೇ ತಿಂಗಳುಗಳಲ್ಲಿ. ಹೊಸ ಬೆಳೆ ಕೈಗೆ ಬರಲು ಏಪ್ರಿಲ್ ಆಗಬೇಕು. ಹಸಿವೂ ಕಾಯಿಲೆಯೂ ಒಟ್ಟಿಗೇ ಬರುತ್ತವೆ. ಆಸ್ಪತ್ರೆಗೆ ಗಂಟೆಗಟ್ಟಲೆ ನಡೆದು ಬರಬೇಕು.

ಅಲ್ಲಿನ ತಾಯಂದಿರು ಮಗುವನ್ನು ಚಿಟೆಂಜೆ ಎಂಬ ಬಣ್ಣದ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಒಬ್ಬ ತಾಯಿ ಬೆಳಗಿನ ಜಾವದಿಂದ ನಡೆದು ಬಂದಿದ್ದಳು. ಮಗು ದಾರಿಯಲ್ಲಿ ಮಲಗಿತು ಅಂದುಕೊಂಡಿದ್ದಳು. "ಎದೆ ಮೇಲಿನ ಗಂಟು ಬಿಚ್ಚಿದ್ದು ನಾನೇ ಮೇಡಂ," ಅಂದರು ಸುನೀತಾ. "ಬಟ್ಟೆ ಬೆಚ್ಚಗಿತ್ತು. ಅದು ತಾಯಿ ಮೈಯ ಬಿಸಿ." ಆಮೇಲೆ ಏನು ಮಾಡಿದ್ರಿ ಅಂತ ಕೇಳಿದೆ. "ಕೈ ತೊಳ್ಕೊಂಡು ಮುಂದಿನ ಮಗು ನೋಡಿದೆ. ಸಾಲು ಇತ್ತಲ್ವಾ."

ಸ್ವಲ್ಪ ಹೊತ್ತಾದ ಮೇಲೆ ಅವರೇ ಮುಂದುವರಿಸಿದರು. ಅಲ್ಲಿ ಸಾವಾದರೆ ಊರಿಗೆ ಊರೇ ಕೆಲಸ ಬಿಟ್ಟು ಬರುತ್ತದಂತೆ. ಹೆಂಗಸರು ಸತ್ತವರ ಮನೆಯಲ್ಲಿ ನೆಲದ ಮೇಲೆ ಕೂರುತ್ತಾರೆ, ರಾತ್ರಿ ಹಾಡುತ್ತಾರೆ. ಅದಕ್ಕೆ ಮಲಿರೊ ಅನ್ನುತ್ತಾರೆ. "ಯಾವ ಮಗುವಿನ ಮಲಿರೊಗೂ ನಾನು ಹೋಗಿಲ್ಲ. ನನಗೆ ಡ್ಯೂಟಿ ಇತ್ತು."

ಸುನೀತಾಗೆ ರಾತ್ರಿ ಮೂರು ಗಂಟೆ ಕಾಲ ನಿದ್ದೆ ಬಂದರೆ ಹೆಚ್ಚು. ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಮಗು ಮಲಗಿದ್ದರೆ ಅದರ ಉಸಿರು ಎಣಿಸುತ್ತಾರೆ. ಒಂದು ಸಲ ಎಣಿಕೆ ಮುಗಿಯದೆ ಇಳಿಯುವ ಸ್ಟಾಪೇ ದಾಟಿ ಹೋಗಿತ್ತು. ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಈ ಪ್ರಶ್ನೆ ಕೇಳಲು ಯಾರೂ ಹಿಂಜರಿಯಬಾರದು. ಕೇಳಿದರೆ ಆ ಯೋಚನೆ ಬರುತ್ತದೆ ಎಂಬುದು ಸುಳ್ಳು. "ಸಾಯ್ಬೇಕು ಅಂತಲ್ಲ. ಬೆಳಿಗ್ಗೆ ಏಳದಿದ್ರೆ ಚೆನ್ನಾಗಿತ್ತು ಅನ್ಸುತ್ತೆ," ಅಂದರು.

ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ರಕ್ತ, ಥೈರಾಯ್ಡ್ ಪರೀಕ್ಷೆಯೂ ಆಯಿತು. ಖಿನ್ನತೆ ಇದೆ, ಕಂಡದ್ದರ ಆಘಾತವೂ ಇದೆ ಎಂದು ವೈದ್ಯರು ಮಾತ್ರೆ ಶುರು ಮಾಡಿದರು. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಕರೆ ಮಾಡಲು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ಅವರ ಫೋನಿನಲ್ಲಿ ನಾನೇ ಸೇವ್ ಮಾಡಿಕೊಟ್ಟೆ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಜಯರಾಜ್‌ಗೆ ಮಾತ್ರೆ ವಿಷಯ ಇಷ್ಟವಾಗಲಿಲ್ಲ. ಕೆಟ್ಟ ಮನುಷ್ಯ ಅಲ್ಲ ಅವರು. ಹೆಂಡತಿ ಕೈತಪ್ಪಿ ಹೋಗುತ್ತಿದ್ದಾಳೆ ಎಂಬ ಭಯ ಇತ್ತು. ಆ ಭಯಕ್ಕೆ ಗೊತ್ತಿದ್ದದ್ದು ಒಂದೇ ಭಾಷೆ. ನಾನು ವಾದಕ್ಕೆ ಇಳಿಯಲಿಲ್ಲ. ಹೊಡೆದು ಹಾಕಿದ ಸಾಲನ್ನು ಸುನೀತಾ ಅವರ ಒಪ್ಪಿಗೆ ಪಡೆದು ಜಯರಾಜ್ ಮುಂದಿಟ್ಟೆ. "ನೀವು ಬೈಬಲ್ ಕಲಿಸೋರು. ಸೇವೆಗೆ ಹೋದವರು ತಮ್ಮ ಕಷ್ಟ ಸಭೆಗೆ ಬರೆದದ್ದು ಎಲ್ಲಾದರೂ ಇದೆಯಾ?" ಅಂತ ಕೇಳಿದೆ. ಅವರು ತುಂಬಾ ಹೊತ್ತು ಆ ಸಾಲನ್ನೇ ನೋಡಿದರು. ಆಮೇಲೆ ಫೋನಿನಲ್ಲಿ 2 ಕೊರಿಂಥ ತೆಗೆದು ಮೊದಲ ಅಧ್ಯಾಯದ ಎಂಟನೇ ವಚನ ಓದಿದರು. ಆಸ್ಯ ಸೀಮೆಯಲ್ಲಿ ತಡೆಯಲಾರದಷ್ಟು ಭಾರ ಬಿತ್ತು, ಬದುಕುವ ನಂಬಿಕೆಯೇ ಹೋಗಿತ್ತು, ಇದು ನಿಮಗೆ ತಿಳಿದಿರಲಿ ಎಂದು ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಭಾಗ ಅದು. ಓದಿ ಫೋನ್ ಕೆಳಗಿಟ್ಟರು. "ಇದನ್ನ ನಾನು ಎಷ್ಟೋ ಸಲ ಪಾಠ ಮಾಡಿದ್ದೀನಿ ಮೇಡಂ," ಅಂದರು. ಹೆಂಡತಿಯ ಕಡೆ ತಿರುಗಿ "ನಾಲ್ಕು ಅಂತ ನೀನು ನನಗೂ ಹೇಳಿರಲಿಲ್ಲ," ಅಂದರು. ಸುನೀತಾ ಅತ್ತದ್ದು ಆಗಲೇ.

ಈ ಗಲಾಟೆಯಲ್ಲಿ ಮಗಳನ್ನು ಯಾರೂ ಕೇಳಿರಲಿಲ್ಲ. ಅವಳು ನನ್ನ ಜೊತೆ ಅರ್ಧ ಇಂಗ್ಲಿಷು, ಅರ್ಧ ಕನ್ನಡ ಮಾತಾಡಿದಳು. ಕೋಪ ಬಂದಾಗ ಮಲಾವಿಯ ಚಿಚೇವಾ ಭಾಷೆ. ಅಜ್ಜಿ ಮನೆಯ ಒಂದು ಸಂಗತಿ ಅವಳಿಗೆ ತುಂಬಾ ನಾಟಿತ್ತು. ಅಜ್ಜಿ ರಾಗಿ ಮುದ್ದೆ ಮಾಡಿದ್ದರು. ಅವಳು ಒಂದು ತುಂಡು ಮುರಿದು ಅಂಗೈಯಲ್ಲಿ ಉರುಟಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಅದರಲ್ಲಿ ಸೊಪ್ಪಿನ ಸಾರು ತುಂಬಿ ಬಾಯಿಗಿಟ್ಟು ಅಗಿದಳು. ಮಲಾವಿಯಲ್ಲಿ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ತಿನ್ನುವುದು ಹಾಗೆಯೇ. ನೋಡಲು ಬಿಳಿ ಮುದ್ದೆಯ ಹಾಗೇ ಇರುತ್ತದೆ. ಚಿಕ್ಕಪ್ಪನ ಮಕ್ಕಳು ನಕ್ಕರು. "ಮುದ್ದೆ ನುಂಗ್ಬೇಕು ಕಣೇ, ಅಗೀಬಾರ್ದು." ಇನ್ನೊಂದು ದಿನ ತಾತನಿಗೆ ನೀರು ಕೊಡುವಾಗ ಮಂಡಿಯೂರಿದಳು. ಅಲ್ಲಿ ಹಿರಿಯರಿಗೆ ಹೆಣ್ಣುಮಕ್ಕಳು ಹಾಗೇ ಕೊಡುವುದು. ಅದಕ್ಕೂ ನಕ್ಕರು. ಆಮೇಲೆ ಅವಳು ಯಾರಿಗೂ ನೀರು ಕೊಡಲಿಲ್ಲ.

ಅವಳಿಗೆ ನಾನು ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚಿನ ಹೆಸರಿನ ಕಥೆ ಹೇಳಿದೆ. ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನಿಂದ ಇಲ್ಲಿಗೆ ಬಂದವರು. ಅವರ ಮಗ ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದರು. ಓದಲು ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಬೆಂಗಳೂರಿಗೆ ವಾಪಸ್ ಬಂದರು. ಮೈಸೂರು ಸೀಮೆಯ ಊರೂರು ಸುತ್ತಿ ಸುಮಾರು 9000 ಶಾಸನಗಳನ್ನು ಹೊರತಂದರು. ಮಿಷನರಿ ಮಗುವೊಬ್ಬ ನಮ್ಮ ನಾಡಿನ ಚರಿತ್ರೆಯನ್ನೇ ಎತ್ತಿಕೊಟ್ಟ. ಕೊನೆಗಾಲ ಕಳೆದದ್ದು ಇಂಗ್ಲೆಂಡಿನಲ್ಲಿ, 1927ರಲ್ಲಿ ತೀರಿಹೋದದ್ದೂ ಅಲ್ಲೇ. ಅವಳಿಗೆ ಧೈರ್ಯ ಬರಲಿ ಅಂತ ಹೇಳಿದ್ದು ನಾನು. ಅವಳು ಕೇಳಿದ್ದು ಬೇರೆ: "ಅಲ್ಲಿ ಅವರ ಜೊತೆ ಕನ್ನಡ ಯಾರು ಮಾತಾಡ್ತಿದ್ರು?"

ಅವಳ ದುಃಖ ಯಾವುದು ಅಂತ ನನಗೆ ಆಗ ಗೊತ್ತಾಯಿತು. ಆರು ತಿಂಗಳು ಅಂತ ಹೇಳಿ ಕರೆತಂದಿದ್ದರು. ಗೆಳತಿಯರಿಗೆ ಸರಿಯಾಗಿ ಹೋಗಿಬರುತ್ತೇನೆ ಅಂತಲೂ ಹೇಳಿರಲಿಲ್ಲ. ಈಗ ಮನೆಯಲ್ಲಿ ಹಿರಿಯರು ಪಿಸುಮಾತಿನಲ್ಲಿ ಇಲ್ಲಿನ ಶಾಲೆಗಳ ಹೆಸರು ಹೇಳುತ್ತಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಕಾಲದಲ್ಲಿ ಮಿಷನರಿಗಳು ತಮ್ಮ ಮಕ್ಕಳನ್ನು ಎಳೆ ವಯಸ್ಸಿನಲ್ಲೇ ಯುರೋಪಿಗೆ ಕಳಿಸಿಬಿಡುತ್ತಿದ್ದರು. ವರ್ಷಗಟ್ಟಲೆ ಮುಖ ನೋಡುತ್ತಿರಲಿಲ್ಲ. ಅದನ್ನು ತ್ಯಾಗ ಅನ್ನುತ್ತಿದ್ದರು. ತ್ಯಾಗ ಮಾಡಿದ್ದು ದೊಡ್ಡವರು, ನಿಜ. ಆದರೆ ಆ ಮಗುವನ್ನು ಯಾರಾದರೂ ಕೇಳಿದ್ದರಾ? ಇವತ್ತು ಫೋನ್ ಇದೆ, ವಿಮಾನ ಇದೆ. ಮಗುವನ್ನು ಕೇಳದಿರಲು ಈಗ ಯಾವ ಕಾರಣವೂ ಇಲ್ಲ.

ನಾನು ಕೊಟ್ಟ ಸಲಹೆಗಳಲ್ಲಿ ಅವರಿಗೆ ಜಾಸ್ತಿ ಕಷ್ಟವಾದದ್ದು ಮೊದಲನೆಯದೇ. ಮೂರು ತಿಂಗಳು ಸುನೀತಾ ಯಾವ ಸಭೆಯಲ್ಲೂ ಸಾಕ್ಷಿ ಹೇಳಬಾರದು. ತಮ್ಮ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರಬೇಕು, ಬೇಡ ಅನ್ನಿಸಿದ ಭಾನುವಾರ ಮನೆಯಲ್ಲಿರಬೇಕು. ಒಪ್ಪಿಕೊಂಡ ಕಡೆಗಳಿಗೆ ಜಯರಾಜ್ ಒಬ್ಬರೇ ಹೋಗಲಿ, ಅರ್ಧ ರದ್ದು ಮಾಡಲಿ. ವಾಪಸ್ ಹೋಗಬೇಕಾ ಬೇಡವಾ ಎಂಬುದನ್ನು ಈಗ ತೀರ್ಮಾನ ಮಾಡಲೇಬಾರದು. ನಿದ್ದೆಯಿಲ್ಲದ ತಲೆ "ಹೋಗ್ತೀನಿ" ಅಂದರೂ ನಂಬುವ ಹಾಗಿಲ್ಲ, "ಹೋಗಲ್ಲ" ಅಂದರೂ ನಂಬುವ ಹಾಗಿಲ್ಲ. ರಜೆಯನ್ನು ಒಂದು ವರ್ಷಕ್ಕೆ ಏರಿಸಲು ಅವರನ್ನು ಕಳಿಸಿದ ಮಿಷನ್ ಸಂಸ್ಥೆಗೆ ವೈದ್ಯರ ಪತ್ರ ಹೋಯಿತು. ಅವರು ಒಪ್ಪಿದರು.

ಆದರೆ ಶಾಲೆ ಕಾಯುವುದಿಲ್ಲ. ಅಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ, ಇಲ್ಲಿ ಜೂನ್‌ನಲ್ಲಿ. ಒಂದು ವರ್ಷ ಇಲ್ಲಿ ಓದಬೇಕು ಎಂದು ಅಪ್ಪ ಅಮ್ಮ ಇಬ್ಬರೂ ಕೂತು ಅವಳಿಗೆ ನೇರವಾಗಿ ಹೇಳಲಿ, ಅವಳು ಅತ್ತರೆ ಅಳಲು ಬಿಡಲಿ, ತಕ್ಷಣ ಬೈಬಲ್ ವಚನ ಹೇಳಿ ಸಮಾಧಾನ ಮಾಡಬೇಡಿ ಅಂದೆ. ಜೊತೆಗೆ, ಕೆಲಸ ವಹಿಸಿಕೊಡಲು ಜಯರಾಜ್ ದಸರಾ ರಜೆಯಲ್ಲಿ ಮಲಾವಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಬೇಕು. ಜಯರಾಜ್ ಇಲ್ಲಿ ತಡೆದರು. "ಕಾಣಿಕೆ ದುಡ್ಡು ಮೇಡಂ. ಮಗಳು ಗೆಳತಿಯರನ್ನ ನೋಡೋಕೆ ಟಿಕೆಟ್ ತೆಗೆದರೆ ಜನ ಏನಂತಾರೆ?" ಅವರ ಈ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಕೊನೆಗೆ ಟಿಕೆಟ್ ದುಡ್ಡು ಕೊಟ್ಟದ್ದು ತಾತ. ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಅಪ್ಪ ಮಗಳು ಹೋಗಿಬಂದರು. ಬರುವಾಗ ಅವಳು ಅಜ್ಜಿಗೆ ಒಂದು ಚಿಟೆಂಜೆ ತಂದಿದ್ದಳು. ಈಗ ಅಜ್ಜಿ ಮಧ್ಯಾಹ್ನ ಅದನ್ನೇ ಹೊದ್ದು ಮಲಗುತ್ತಾರಂತೆ.

ಮಲಿರೊ ಬಾಕಿ ಇತ್ತಲ್ವಾ. ಜುಲೈನ ಒಂದು ಸಂಜೆ ಮನೆಯಲ್ಲಿ ಚಾಪೆ ಹಾಸಿ, ಸುನೀತಾ, ಜಯರಾಜ್, ಮಗಳು ಮೂವರೂ ನೆಲದ ಮೇಲೆ ಕೂತರು. ನಾಲ್ಕು ಮಕ್ಕಳ ಹೆಸರು ಸುನೀತಾಗೆ ನೆನಪಿತ್ತು. ಒಂದೊಂದೇ ಹೇಳಿದರು. ಮಗಳು ಚಿಚೇವಾ ಹಾಡು ಹೇಳಿದಳು. ಜಯರಾಜ್ ಪ್ರಾರ್ಥನೆ ಮಾಡಲು ಬಾಯಿ ತೆರೆದವರು ಮಾತು ಬಾರದೆ ಸುಮ್ಮನಾದರಂತೆ. ಆ ರಾತ್ರಿ ಸುನೀತಾ ಐದು ಗಂಟೆ ಮಲಗಿದರು.

ಸಭಾಪಾಲಕರನ್ನೂ ಒಮ್ಮೆ ಕರೆಸಿದ್ದೆ, ದಂಪತಿಯ ಒಪ್ಪಿಗೆ ಪಡೆದು. ಎಷ್ಟು ಜನ ರಕ್ಷಣೆ ಹೊಂದಿದರು, ಅಂದರೆ ಯೇಸುವನ್ನು ನಂಬಿದರು ಎಂದು ಕೇಳುವ ಮೊದಲು ನಿದ್ದೆ ಬರುತ್ತಾ ಎಂದು ಕೇಳಿ ಅಂದೆ. ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ನನಗೆ ತುಂಬಾ ಖುಷಿಯಾಯಿತು.

ಪತ್ರದ ವಿಷಯಕ್ಕೆ ಸುನೀತಾ ಆರು ತಿಂಗಳು ತೆಗೆದುಕೊಂಡರು. ಎಲ್ಲರಿಗೂ ಎಲ್ಲವನ್ನೂ ಬರೆಯಬೇಕಿಲ್ಲ, ಮೂರು ಜನರಿಗೆ ಪೂರ್ತಿ ನಿಜ ಬರೆಯಿರಿ, ಸಾಧ್ಯವಾದರೆ ಹಣ ಕಳಿಸದವರಿಗೆ ಅಂತ ನಾನು ಹೇಳಿದ್ದೆ. ಅವರು ನನ್ನ ಮಾತು ಮೀರಿ ಹೋದರು. ನವೆಂಬರ್‌ನಲ್ಲಿ 140 ಮನೆಗಳಿಗೂ ಹೋದ ಪತ್ರದಲ್ಲಿ ಮೂರನೇ ಸಾಲು ಹಾಗೇ ಇತ್ತು. ಅದರ ಕೆಳಗೆ "ನಾನು ಚಿಕಿತ್ಸೆಯಲ್ಲಿದ್ದೇನೆ, ವಾಪಸ್ ಹೋಗುವ ಬಗ್ಗೆ ಮಾರ್ಚ್‌ನಲ್ಲಿ ತಿಳಿಸುತ್ತೇವೆ," ಎಂದಿತ್ತು.

ಕಳೆದ ವಾರ ಬಂದಾಗ ಒಂದು ಇನ್‌ಲ್ಯಾಂಡ್ ಲೆಟರ್ ತೋರಿಸಿದರು. ಆ 200 ರೂಪಾಯಿಯ ಅಜ್ಜಿಯದು. ಅಕ್ಷರ ನಡುಗಿತ್ತು. ಕುಶಲ ಸಮಾಚಾರ ಆದ ಮೇಲೆ ಇದ್ದದ್ದು ಇಷ್ಟೇ: "ಆ ನಾಲ್ಕು ಮಕ್ಕಳ ಹೆಸರು ಬರೆದು ಕಳಿಸಮ್ಮ. ಹೆಸರು ಹಿಡಿದು ಪ್ರಾರ್ಥನೆ ಮಾಡಬೇಕು ನಾನು."

ಉತ್ತರವನ್ನು ಸುನೀತಾ ನನ್ನ ಮೇಜಿನ ಮೇಲೇ ಬರೆದರು.