ಪದಪಟ್ಟಿಗೆ 'ಗೊತ್ತು', 'ಗೊತ್ತಿಲ್ಲ' ಅಂತ ಟಿಕ್ ಮಾಡಿಸಿ ಪದಸಂಪತ್ತು ಅಳೆಯಬಹುದಾ?

ಸಂಶೋಧನೆಗಾಗಿ ವಿದ್ಯಾರ್ಥಿಗಳಿಗೆ ಎಷ್ಟು ಇಂಗ್ಲಿಷ್ ಪದ ಗೊತ್ತು ಅಂತ ಅಳೆಯಬೇಕು, ಟಿಕ್ ಪಟ್ಟಿ ಸಾಕಾ ಅಥವಾ ನಾಲ್ಕು ಆಯ್ಕೆಗಳ ಪರೀಕ್ಷೆ ಬೇಕಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ಎದೆ ಧಸಕ್ ಅಂತು. ಅದೇ ಪಟ್ಟಿಯನ್ನು ಒಂಬತ್ತು ವರ್ಷದ ಹಿಂದೆ ನಾನೂ ಮಾಡಿದ್ದೆ.

ನನ್ನದು 300 ಪದಗಳ ಪಟ್ಟಿ. ಸುಲಭದಿಂದ ಕಷ್ಟದ ಕಡೆಗೆ ಜೋಡಿಸಿದ್ದೆ. 160 ವಿದ್ಯಾರ್ಥಿಗಳು ತುಂಬಿಕೊಟ್ಟರು. ಎಣಿಸಿ, ಕೋಷ್ಟಕ ಹಾಕಿ, ಅಧ್ಯಾಯ ಬರೆದು ಮುಗಿಸುವಷ್ಟರಲ್ಲಿ ಏಳು ತಿಂಗಳು. ಆಮೇಲೆ ಪ್ರಗತಿ ಪರಿಶೀಲನೆಗೆ ಬಂದ ಹಿರಿಯರೊಬ್ಬರು ಎರಡು ಪುಟ ತಿರುವಿ ಕೇಳಿದರು: "ಗೊತ್ತು ಅಂದವರಿಗೆ ನಿಜವಾಗಿ ಗೊತ್ತಿದೆ ಅಂತ ನಿಮಗೆ ಹೇಗೆ ಗೊತ್ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಮಾಡಿದ ತಪ್ಪು ಒಂದೇ. ಪಟ್ಟಿಯಲ್ಲಿ ಹುಸಿಪದ ಸೇರಿಸಿರಲಿಲ್ಲ. ಹುಸಿಪದ ಅಂದ್ರೆ ಆ ಭಾಷೆಯ ಪದದ ಹಾಗೇ ಕಾಣುವ, ಆದರೆ ಇಲ್ಲದ ಪದ. ಕನ್ನಡದಲ್ಲಿ 'ತೊಳಮಣಿಕೆ' ಅಂದರೆ ಹೇಗಿರುತ್ತೆ? ಎಲ್ಲೋ ಕೇಳಿದ ಹಾಗಿದೆ ಅನ್ನಿಸುತ್ತೆ, ಅಲ್ವಾ? ಅಂಥದ್ದು. ಪಾಲ್ ಮೀರಾ ಮತ್ತು ಬಾರ್ಬರಾ ಬಕ್ಸ್‌ಟನ್ ಅನ್ನೋ ಸಂಶೋಧಕರು 1987ರಲ್ಲೇ ಹೌದು-ಇಲ್ಲ ಪರೀಕ್ಷೆಯಲ್ಲಿ ಇಂಥ ಪದಗಳನ್ನು ಬೆರೆಸಿ ತೋರಿಸಿದ್ದರು. 2012ರಲ್ಲಿ ಬಂದ ಲೆಕ್ಸ್‌ಟೇಲ್ ಅನ್ನೋ ಇಂಗ್ಲಿಷ್ ಪದಪರೀಕ್ಷೆಯಲ್ಲಿರೋದು 60 ಪದ, ಅದರಲ್ಲಿ 20 ಹುಸಿ. ನಾನು ಇದನ್ನೆಲ್ಲ ಓದಿದ್ದೆ. ಆದರೂ ಬಿಟ್ಟೆ. ಇಲ್ಲದ ಪದ ಕೊಟ್ಟು ಮಕ್ಕಳನ್ನು ಗೊಂದಲಕ್ಕೆ ಹಾಕೋದು ಸರಿಯಲ್ಲ ಅನ್ನಿಸಿತ್ತು. ಅವರೇಕೆ ಸುಳ್ಳು ಹೇಳ್ತಾರೆ ಅಂದುಕೊಂಡಿದ್ದೆ.

ಅವರು ಸುಳ್ಳು ಹೇಳಲಿಲ್ಲ. ಇದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ. ದಾರಿಯಲ್ಲಿ ಸಿಕ್ಕವರ ಮುಖಪರಿಚಯ ಇರುತ್ತೆ, ಯಾರು ಅಂತ ಮಾತ್ರ ಹೊಳೆಯಲ್ಲ. ಪದಗಳೂ ಹಾಗೇ. ನೋಡಿದ ಹಾಗಿದೆ ಅನ್ನಿಸಿದ ತಕ್ಷಣ ಕೈ 'ಗೊತ್ತು' ಕಡೆ ಹೋಗುತ್ತೆ. ಒಬ್ಬರ ಕೈ ಬೇಗ ಹೋಗುತ್ತೆ, ಇನ್ನೊಬ್ಬರು ಪೂರ್ತಿ ಖಾತ್ರಿಯಾಗದೆ ಟಿಕ್ ಹಾಕಲ್ಲ. ನಾನು ಪದಸಂಪತ್ತು ಅಂತ ಅಳೆದದ್ದರಲ್ಲಿ ಈ ಸ್ವಭಾವವೂ ಸೇರಿಕೊಂಡಿತ್ತು.

ಲೆಕ್ಕ ಹಾಕಿ ನೋಡಿ. ಒಬ್ಬ ಹುಡುಗ 300ರಲ್ಲಿ 250ಕ್ಕೆ ಟಿಕ್ ಹಾಕುತ್ತಾನೆ, ಒಬ್ಬ ಹುಡುಗಿ 180ಕ್ಕೆ. ಹುಡುಗನೇ ಮುಂದೆ ಅಂತ ನಾನು ಬರೀತೀನಿ. ಈಗ 60 ಹುಸಿಪದವೂ ಬೆರೆತಿತ್ತು ಅನ್ನಿ. ಹುಡುಗ ಅದರಲ್ಲಿ 30ಕ್ಕೆ 'ಗೊತ್ತು' ಅಂದ, ಹುಡುಗಿ ಒಂದಕ್ಕೂ ಅನ್ನಲಿಲ್ಲ. ಸರಳವಾದ ತಿದ್ದುಪಡಿ ಅಂದ್ರೆ ನಿಜಪದದ ಶೇಕಡಾವಾರಿನಿಂದ ಹುಸಿಪದದ ಶೇಕಡಾವಾರು ಕಳೆಯೋದು. ಹುಡುಗನದು 83ರಲ್ಲಿ 50 ಹೋಗಿ 33. ಹುಡುಗಿಯದು 60ಕ್ಕೆ 60. ಸಾಲೇ ತಲೆಕೆಳಗಾಯಿತು. ಹುಸಿಪದ ಇಲ್ಲದಿದ್ದರೆ ಕಳೆಯೋಕೆ ಸಂಖ್ಯೆಯೇ ಇರಲ್ಲ. ಆಮೇಲೆ ಯಾವ ಸಂಖ್ಯಾಶಾಸ್ತ್ರ ತಂದರೂ ಆ ಮಾಹಿತಿ ಹುಟ್ಟಲ್ಲ. ನನ್ನ 160 ಹಾಳೆಗಳನ್ನು ಉಳಿಸೋಕೆ ದಾರಿಯೇ ಇರಲಿಲ್ಲ. ಅಧ್ಯಾಯ ಪೂರ್ತಿ ಹೋಯಿತು.

ಅದೇ ಹಾಳೆಗಳನ್ನು ಹಿಡಿದು ಕೆಲವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡೆ. ಒಬ್ಬ ಹುಡುಗಿ 'ಅಡ್ಯಾಪ್ಟ್' (adapt) ಪದಕ್ಕೆ ಟಿಕ್ ಹಾಕಿದ್ದಳು. ಏನಮ್ಮಾ ಇದರ ಅರ್ಥ ಅಂದೆ. "ದತ್ತು ತಗೊಳ್ಳೋದು ಮೇಡಂ" ಅಂದಳು, ಒಂದು ಕ್ಷಣವೂ ಯೋಚಿಸದೆ. ದತ್ತು ಅಂದ್ರೆ 'ಅಡಾಪ್ಟ್' (adopt). ಇದು ಹೊಂದಿಕೊಳ್ಳೋದು. ಒಂದೇ ಅಕ್ಷರದ ವ್ಯತ್ಯಾಸ. ರೂಪದಲ್ಲಿ ಹೋಲುವ ಪದಗಳು ಕಲಿಯುವವರನ್ನು ಹೀಗೆ ದಾರಿ ತಪ್ಪಿಸುತ್ತವೆ ಅಂತ ಭಾಷಾ ಸಂಶೋಧಕಿ ಬಾಟಿಯಾ ಲೌಫರ್ ವಿವರವಾಗಿ ಬರೆದಿದ್ದಾರೆ. ಇನ್ನೊಬ್ಬ 'ಫೈನ್' ಅಂದ್ರೆ ದಂಡ ಅಂದ, ಚೆನ್ನಾಗಿದೆ ಅಂತಲೂ ಅಂದ. ನಯವಾದ ಮರಳಿಗೂ ಅದೇ ಪದ ಅಂತ ನಾನು ಅಂದಾಗ ನನ್ನ ಮುಖ ನೋಡಿದ. ಅವನಿಗೆ ಆ ಪದ ಗೊತ್ತೋ ಗೊತ್ತಿಲ್ಲವೋ? ಟಿಕ್ ಹಾಕೋ ಚೌಕದಲ್ಲಿ ಇದಕ್ಕೆ ಜಾಗವೇ ಇಲ್ಲ. ಇವನ್ನು ಹುಸಿಪದವೂ ಹಿಡಿಯಲ್ಲ. ಕೂತು ಕೇಳಿದರೆ ಮಾತ್ರ ಸಿಗುತ್ತೆ.

ನಾಲ್ಕು ಆಯ್ಕೆಗಳ ಪರೀಕ್ಷೆ ಇದಕ್ಕಿಂತ ವಾಸಿ, ಆದರೆ ಊಹೆಯ ಕಾಟ ಇದೆ. ನೇಷನ್ ಮತ್ತು ಬೆಗ್ಲಾರ್ 2007ರಲ್ಲಿ ಕೊಟ್ಟ ಪರೀಕ್ಷೆಯಲ್ಲಿ 140 ಪ್ರಶ್ನೆ, ಒಂದೊಂದೂ 100 ಪದಕುಟುಂಬಗಳ ಲೆಕ್ಕಕ್ಕೆ. ಪದಕುಟುಂಬ ಅಂದ್ರೆ ಒಂದು ಮೂಲಪದ, ಜೊತೆಗೆ ಅದರಿಂದ ಹುಟ್ಟಿದ ರೂಪಗಳು. ಎಲ್ಲವನ್ನೂ ಕಣ್ಣುಮುಚ್ಚಿ ಗುರುತು ಮಾಡಿದರೂ ಸರಾಸರಿ 35 ಸರಿಯಾಗುತ್ತೆ. ಅಂದ್ರೆ ಏನೂ ಗೊತ್ತಿಲ್ಲದವರಿಗೂ 3,500 ಪದಕುಟುಂಬ.

ಹಾಗಾಗಿ ಎರಡರಲ್ಲಿ ಯಾವುದು ಅಂತ ನಾನು ಹೇಳಲ್ಲ. 'ಎಷ್ಟು ಪದ' ಅನ್ನೋ ಪ್ರಶ್ನೆಯನ್ನೇ ಬಿಡಿ ಅಂತೀನಿ. ಬರಹದಲ್ಲಿ ನೂರಕ್ಕೆ 98 ಪದ ಅರ್ಥವಾಗಬೇಕಾದರೆ 8,000ದಿಂದ 9,000 ಪದಕುಟುಂಬ ಬೇಕು ಅಂತ ನೇಷನ್ 2006ರಲ್ಲಿ ಲೆಕ್ಕ ಕೊಟ್ಟರಲ್ಲ, ಅಂಥ ದೊಡ್ಡ ಸಂಖ್ಯೆ ನೋಡಿದರೆ ನಾವೂ ಒಂದು ಸಂಖ್ಯೆ ಕೊಡಬೇಕು ಅನ್ನಿಸುತ್ತೆ. ನನಗೂ ಅನ್ನಿಸಿತ್ತು. ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಅದಕ್ಕಿಂತ ಜಾಸ್ತಿ ಸಿಗೋದು ಆಳದಲ್ಲಿ, ಅಂದ್ರೆ ಒಂದೊಂದು ಪದ ಎಷ್ಟು ಚೆನ್ನಾಗಿ ಗೊತ್ತು ಅನ್ನೋದರಲ್ಲಿ. 40 ಪದ ತಗೊಳ್ಳಿ, 30 ಜನ ಸಾಕು. ವೆಶೆ ಮತ್ತು ಪರಿಬಖ್ತ್ 1996ರಲ್ಲಿ ವಿವರಿಸಿದ ಐದು ಮೆಟ್ಟಿಲಿನ ಅಳತೆ ಬಳಸಿ: ನೋಡೇ ಇಲ್ಲ ಅನ್ನೋದರಿಂದ ವಾಕ್ಯದಲ್ಲಿ ಬಳಸಬಲ್ಲೆ ಅನ್ನೋವರೆಗೆ. ಮೂರನೇ ಮೆಟ್ಟಿಲಿನಿಂದ ಮೇಲೆ ಬರೀ ಟಿಕ್ ನಡೆಯಲ್ಲ, ಅರ್ಥ ಬರೆದು ತೋರಿಸಬೇಕು. ನನ್ನ ಎರಡನೇ ಸುತ್ತು ಹೀಗೇ ನಡೀತು, ಪ್ರಬಂಧ ನಿಂತಿದ್ದೂ ಅದರ ಮೇಲೆ.

ಗೈಡ್ ಒಪ್ಪದೆ ಟಿಕ್ ಪಟ್ಟಿಯೇ ಬೇಕು ಅಂದರೆ ಮೂರರಲ್ಲಿ ಒಂದು ಹುಸಿಪದ ಇರಲಿ. ಅವನ್ನು ನಿಘಂಟಿನಲ್ಲಿ ಹುಡುಕಿ, ನಿಜಕ್ಕೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಪಟ್ಟಿ ಇನ್ನೂ ಅಚ್ಚಾಗಿಲ್ಲ ಅಂತ ಬರೆದಿದ್ದೀರಿ. ಹಾಗಿದ್ರೆ ಈ ವಾರವೇ ಐದು ಜನರಿಗೆ ಕೊಟ್ಟು, ಟಿಕ್ ಹಾಕಿದ ಪ್ರತಿ ಪದದ ಅರ್ಥವನ್ನೂ ಬಾಯಿಬಿಟ್ಟು ಹೇಳಿಸಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟುಕೊಳ್ಳಿ.