ತಗಡು ಬೆಳೆಯುವುದಿಲ್ಲ, ಮಾನ್ಯರೇ

ತಲೆಬುರುಡೆಯ ಮೂಳೆಯನ್ನು ಬೆಳೆಸುವ ಸಂಶೋಧನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿದ ಮದ್ದೂರಿನ ನಿವೃತ್ತ ಎಂಜಿನಿಯರರೊಬ್ಬರು, ‘ಬುರುಡೆಯ ಕಿಂಡಿ ಮುಚ್ಚಲು ಟೈಟಾನಿಯಂ ಲೋಹದ ಜಾಲರಿ ಇರುವಾಗ ಬಡದೇಶಕ್ಕೆ ಈ ಬಡಿವಾರವೇಕೆ?’ ಎಂದು ಕೇಳಿದ್ದಾರೆ.

ಮಾನ್ಯರೇ, ಟೈಟಾನಿಯಂ ಗಟ್ಟಿ, ತುಕ್ಕು ಹಿಡಿಯದು, ಎಷ್ಟೋ ಜನರ ತಲೆ ಕಾದಿದೆ, ಒಪ್ಪಿದೆ. ಈಗ ಶಸ್ತ್ರಚಿಕಿತ್ಸೆ ಬೇಕಾದವರು ಪ್ರಯೋಗಶಾಲೆಯ ಮೂಳೆಗೆ ಕಾದು ಕೂರಲೂಬಾರದು. ಆದರೆ ನೀವು ಬುರುಡೆಯನ್ನು ಮನೆಯ ಚಾವಣಿಯೆಂದೇ ಎಣಿಸಿದ್ದೀರಿ.

ಮೈಸೂರಿನ ನಮ್ಮ ಬೀದಿಯ ಹುಡುಗನೊಬ್ಬ ಬೈಕಿನಿಂದ ಬಿದ್ದಾಗ, ಊದಿದ ಮಿದುಳಿಗೆ ಜಾಗ ಮಾಡಿಕೊಡಲು ವೈದ್ಯರು ಬುರುಡೆಯ ತುಂಡೊಂದನ್ನು ತೆಗೆದು ಅವನದೇ ಹೊಟ್ಟೆಯ ಚರ್ಮದಡಿ ಇಟ್ಟಿದ್ದರು. ನೋಡಲು ಹೋದ ನನ್ನ ಕೈಯನ್ನು ಹೊಕ್ಕುಳ ಪಕ್ಕ ಒತ್ತಿಕೊಂಡು, ‘ಸಾರ್, ನನ್ನ ತಲೆ ಇಲ್ಲಿದೆ’ ಎಂದ. ಬೆರಳಿಗೆ ತೆಂಗಿನ ಕರಟದ ಚೂರಿನಂತೆ ತಗುಲಿತು. ತಿಂಗಳುಗಳ ಬಳಿಕ ಮರಳಿ ಕೂರಿಸಿದ ಆ ಮೂಳೆ ಅಂಚಿನಿಂದ ಕರಗುತ್ತ ಹೋಯಿತು. ಜೀವಕೋಶಗಳು ಸತ್ತ ಮೂಳೆಯನ್ನು, ಅದು ಸ್ವಂತದ್ದೇ ಆದರೂ, ದೇಹ ಹೀಗೆ ಕರಗಿಸಿಬಿಡುವುದುಂಟು. ಮಕ್ಕಳಲ್ಲಿ ಇನ್ನೂ ಹೆಚ್ಚು.

ಎರಡು ವರ್ಷದೊಳಗಿನ ಕೂಸಿನ ಬುರುಡೆಯಲ್ಲಿ ಕಿಂಡಿಯಾದರೆ ಮಿದುಳನ್ನು ಹೊದ್ದಿರುವ ಡ್ಯೂರಾ ಪೊರೆಯೇ ಹೊಸ ಮೂಳೆ ಹುಟ್ಟಿಸಬಲ್ಲದು. ವಯಸ್ಸಾದಂತೆ ಆ ಕಸುವು ಕುಗ್ಗುತ್ತದೆ. ಕೂಳೆ ಕಬ್ಬು ವರ್ಷದಿಂದ ವರ್ಷಕ್ಕೆ ಸೊರಗುವುದನ್ನು ಕಂಡ ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಜೀವಕೋಶಗಳಿಂದ ದೇಹದ ಭಾಗಗಳನ್ನು ಬೆಳೆಸುವ ಅಂಗಾಂಶ ಎಂಜಿನಿಯರಿಂಗ್ ಆ ಕಸುವನ್ನು ಮರಳಿ ತರಲು ಹೆಣಗುತ್ತಿದೆ. ಕ್ಯಾಲ್ಸಿಯಂ ಫಾಸ್ಫೇಟ್ ಇಲ್ಲವೇ ಕೊಲಾಜೆನ್‌ನ ಸಣ್ಣ ತೂತುಗಳ ಚಪ್ಪರ, ಅದರೊಳಗೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ರೋಗಿಯದೇ ಕಾಂಡಕೋಶ, ಅವನ್ನು ಮೂಳೆಯಾಗುವಂತೆ ಹುರಿದುಂಬಿಸುವ ಪ್ರೋಟೀನು. ಮೂಳೆ ಹಬ್ಬಿದಂತೆ ಚಪ್ಪರ ತಾನೇ ಕರಗಬೇಕು. ಇಂಥ ಪ್ರೋಟೀನಿನ ಸುಳಿವನ್ನು ಅಮೆರಿಕದ ಮೂಳೆವೈದ್ಯ ಮಾರ್ಷಲ್ ಯೂರಿಸ್ಟ್ 1965ರಲ್ಲೇ ಕೊಟ್ಟಿದ್ದರು. ಬುರುಡೆಯ ಮೂಳೆ ಕರಗಿಹೋಗಿದ್ದ ಏಳು ವರ್ಷದ ಬಾಲಕಿಗೆ, ಅವಳದೇ ಸೊಂಟದ ಮೂಳೆಯ ಚೂರುಗಳ ಜೊತೆ ಅವಳದೇ ಕೊಬ್ಬಿನಿಂದ ತೆಗೆದ ಕಾಂಡಕೋಶಗಳನ್ನು ಸೇರಿಸಿ ಜರ್ಮನಿಯ ವೈದ್ಯರು ಚಿಕಿತ್ಸೆ ಮಾಡಿದ್ದು 2004ರಲ್ಲಿ ವರದಿಯಾಯಿತು. ಮೂರು ತಿಂಗಳಲ್ಲಿ ಸ್ಕ್ಯಾನ್‌ನಲ್ಲಿ ಹೊಸ ಮೂಳೆ ಕಂಡಿತು. ಒಬ್ಬಳೇ ರೋಗಿ, ನಿಜ. ದೊಡ್ಡ ಚಪ್ಪರದ ನಡುಮಧ್ಯಕ್ಕೆ ರಕ್ತನಾಳ ತಲುಪಿಸುವುದು ಇಂದಿಗೂ ತೊಡಕೇ. ಆದರೆ ಎಳೆಯ ಮಗುವಿನ ತಲೆಯ ಜೊತೆ ಬೆಳೆಯುವುದು ಜೀವಂತ ಮೂಳೆಯೇ ಹೊರತು ತಗಡಲ್ಲ.

ಇನ್ನು ‘ಬಡದೇಶ’ದ ಮಾತು. ಪೊಲೀಸರ ದಂಡಕ್ಕಷ್ಟೇ ಹೆದರಿ ಬೋಗುಣಿಯಂಥ ಹೆಲ್ಮೆಟ್ ತೊಟ್ಟು ಬುರುಡೆ ಒಡೆದುಕೊಳ್ಳುವಾಗ ನೆನಪಾಗದ ಬಡತನ, ಸಂಶೋಧನೆ ಎಂದೊಡನೆ ನೆನಪಾಗುತ್ತದೆ. ನಿಮ್ಮದೇ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಗಣಿಗೆ ವಿದ್ಯುತ್ ಹರಿಸಿದಾಗ ಸೀಮೆಎಣ್ಣೆ ಬುಡ್ಡಿ ಸಾಕೆಂದು ನಿಮ್ಮ ವೃತ್ತಿಯ ಹಿರಿಯರು ಕೈಕಟ್ಟಿ ಕುಳಿತಿರಲಿಲ್ಲ.

ಅಂದಹಾಗೆ, ಆ ಹುಡುಗನ ತಲೆಯಲ್ಲಿ ಈಗಿರುವುದು ನಿಮ್ಮ ಟೈಟಾನಿಯಂ ಜಾಲರಿಯೇ.