ಮಗುವಿನ ಎತ್ತರಕ್ಕೂ ಕಿಡ್ನಿಗೂ ಏನು ಸಂಬಂಧ?

ಪ್ರಶ್ನೆ: ನಮ್ಮ ಮಗಳಿಗೆ ಆರು ವರ್ಷ, ಎತ್ತರ 110 ಸೆಂಟಿಮೀಟರ್. ಕಳೆದ ತಿಂಗಳು ಜ್ವರ, ಭೇದಿಯಿಂದ ಬಳಲುತ್ತಿದ್ದ ಮೂರನೆಯ ದಿನ ರಕ್ತಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ 0.9 ಎಂದು ಬಂತು. ಪಕ್ಕದಲ್ಲಿ ಸಾಮಾನ್ಯ ಮಿತಿ 0.6ರಿಂದ 1.2 ಎಂದು ಅಚ್ಚಾಗಿತ್ತು. ಆದರೆ ಉಡುಪಿಯಲ್ಲಿ ನಾವು ತೋರಿಸುವ ಮಕ್ಕಳ ವೈದ್ಯರು ಅವಳ ಎತ್ತರ ಅಳೆದು, ಲೆಕ್ಕ ಹಾಕಿ, "ಐವತ್ತರಷ್ಟಿದೆ, ಇನ್ನೊಮ್ಮೆ ನೋಡಬೇಕು" ಎಂದರು. ಅರ್ಧ ಕಿಡ್ನಿ ಹೋಯಿತೇ ಎಂದು ಮನೆಯವರಿಗೆಲ್ಲ ಗಾಬರಿ. ಅಜ್ಜಿ ದಿನವೂ ಬೊಂಡ (ಎಳನೀರು) ಕುಡಿಸುತ್ತಿದ್ದಾರೆ. ಅದು ಸರಿಯೇ?
– ಒಬ್ಬ ತಾಯಿ, ಕಾಪು

ಉತ್ತರ: ನಿಮ್ಮ ವೈದ್ಯರು ಎತ್ತರ ಅಳೆದದ್ದು ಬಹಳ ಒಳ್ಳೆಯದಾಯಿತು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಅದನ್ನು ರಕ್ತದಿಂದ ಸೋಸಿ ಹೊರಹಾಕುವುದು ಮೂತ್ರಪಿಂಡಗಳ ಕೆಲಸ. ಆರು ವರ್ಷದ ಮಗುವಿನ ಮೈಯಲ್ಲಿ ಸ್ನಾಯು ಕಡಿಮೆ, ಆದ್ದರಿಂದ ಆರೋಗ್ಯವಂತ ಮಗುವಿನ ರಕ್ತದಲ್ಲಿ ಕ್ರಿಯಾಟಿನಿನ್ ಕೂಡ ಕಡಿಮೆಯೇ ಇರುತ್ತದೆ, ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿ. ನಿಮ್ಮ ವರದಿಯಲ್ಲಿ ಅಚ್ಚಾದ 0.6ರಿಂದ 1.2 ದೊಡ್ಡವರ ಮಿತಿ. ಮಕ್ಕಳ ವರದಿಯ ಮೇಲೂ ಅದೇ ಮಿತಿ ಅಚ್ಚಾಗಿ ಬರುವುದು ನನಗೆ ತೀರ ಕಳವಳದ ಸಂಗತಿಯಾಗಿ ಕಾಣುತ್ತದೆ, ಏಕೆಂದರೆ ಆ ಒಂದು ಸಾಲನ್ನು ನಂಬಿ ಕುಳಿತರೆ ಮೂತ್ರಪಿಂಡ ಸೋಸುವ ಶಕ್ತಿ ಅರ್ಧಕ್ಕೆ ಇಳಿದಿದ್ದರೂ ಯಾರ ಗಮನಕ್ಕೂ ಬಾರದೆ ಹೋಗಬಹುದು.

ಎತ್ತರ ಬೇಕಾಗುವುದು ಇದೇ ಕಾರಣಕ್ಕೆ. ಮಗುವಿನ ಸ್ನಾಯುವಿನ ಪ್ರಮಾಣವನ್ನು ಎತ್ತರದಿಂದ ತಕ್ಕಮಟ್ಟಿಗೆ ಊಹಿಸಬಹುದು ಎಂಬ ಆಧಾರದ ಮೇಲೆ ಅಮೆರಿಕದ ಮಕ್ಕಳ ವೈದ್ಯ ಜಾರ್ಜ್ ಶ್ವಾರ್ಟ್ಸ್ ಮತ್ತು ಸಂಗಡಿಗರು 1976ರಲ್ಲಿ ಒಂದು ಸೂತ್ರ ಕೊಟ್ಟರು; 2009ರಲ್ಲಿ ಅದನ್ನು ಪರಿಷ್ಕರಿಸಿದರು. ಸೆಂಟಿಮೀಟರಿನಲ್ಲಿರುವ ಎತ್ತರವನ್ನು 0.413ರಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ನಿಮ್ಮ ಮಗಳ ಲೆಕ್ಕ ಸುಮಾರು 50 ಆಗುತ್ತದೆ. ಅದೇ ಎತ್ತರದ ಮಗುವಿನ ಕ್ರಿಯಾಟಿನಿನ್ 0.5 ಇದ್ದರೆ 91 ಬರುತ್ತದೆ.

ಈ 50 ಎಂಬುದು ಶೇಕಡಾವಾರು ಅಲ್ಲ. ದೇಹದ ಮೇಲ್ಮೈ 1.73 ಚದರ ಮೀಟರ್ ಇದೆ ಎಂದು ಇಟ್ಟುಕೊಂಡರೆ ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸಲ್ಪಡುತ್ತದೆ ಎಂಬ ಅಂದಾಜು ಅದು. ಚಿಕ್ಕವರನ್ನೂ ದೊಡ್ಡವರನ್ನೂ ಒಂದೇ ಅಳತೆಗೋಲಿನಲ್ಲಿ ನೋಡಲು ಮಾಡಿಕೊಂಡ ಏರ್ಪಾಡು. ಎರಡು ವರ್ಷ ದಾಟಿದ ಮಕ್ಕಳಲ್ಲಿ ಅದು 90ಕ್ಕಿಂತ ಮೇಲಿರಬೇಕು. ಆದ್ದರಿಂದ 50 ಕಡಿಮೆಯೇ, ಆದರೆ ಅರ್ಧ ಕಿಡ್ನಿ ಹೋಯಿತೆಂದು ಅದರ ಅರ್ಥವಲ್ಲ.

ಇನ್ನೂ ಮುಖ್ಯವಾದ ಮಾತೆಂದರೆ, ರಕ್ತದಲ್ಲಿನ ಕ್ರಿಯಾಟಿನಿನ್ ಏರದೆ, ಇಳಿಯದೆ ಒಂದೇ ಮಟ್ಟದಲ್ಲಿ ನಿಂತಿರುವಾಗ ಮಾತ್ರ ಈ ಸೂತ್ರ ನಂಬಿಕೆಗೆ ಅರ್ಹ. ಭೇದಿಯಿಂದ ಮೈಯ ನೀರು ಬತ್ತಿದಾಗ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗಿ ಕ್ರಿಯಾಟಿನಿನ್ ಏರುತ್ತದೆ, ನೀರಿನಂಶ ತುಂಬಿದ ಮೇಲೆ ಬಹಳಷ್ಟು ಮಕ್ಕಳಲ್ಲಿ ಇಳಿಯುತ್ತದೆ. ಮಗಳು ಈಗ ಚೇತರಿಸಿಕೊಂಡಿದ್ದರೆ ತಡಮಾಡದೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ ಮಾಡಿಸಿ, ಅಲ್ಲಿ ಬಳಸುವುದು ಎನ್‌ಜೈಮ್ ವಿಧಾನವೇ ಎಂದು ಕೇಳಿ. 0.413 ಹೊಂದುವುದು ಆ ವಿಧಾನಕ್ಕೆ. ಹಳೆಯ ಜಾಫೆ ವಿಧಾನ ರಕ್ತದಲ್ಲಿರುವ ಬೇರೆ ವಸ್ತುಗಳನ್ನೂ ಕ್ರಿಯಾಟಿನಿನ್ ಎಂದೇ ಎಣಿಸುವುದರಿಂದ, ಮಕ್ಕಳಲ್ಲಿರುವಂಥ ಸಣ್ಣ ಅಂಕಿಗಳಲ್ಲಿ ಆ ವ್ಯತ್ಯಾಸ ದೊಡ್ಡದಾಗಿ ಕಾಣಿಸುತ್ತದೆ. ಎತ್ತರವನ್ನು ಚಪ್ಪಲಿ ತೆಗೆಸಿ, ಗೋಡೆಗೆ ಒರಗಿಸಿ ಅಂದೇ ಅಳೆಯಬೇಕು. ಶಾಲೆಯ ದಾಖಲೆಯಿಂದ ಎತ್ತಿಕೊಳ್ಳಬಾರದು. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡಿಸಿ, ರಕ್ತದೊತ್ತಡ ಅಳೆಸಿ. ಅಂಕಿ ಮತ್ತೆ ಕಡಿಮೆ ಬಂದರೆ ವೈದ್ಯರು ಸ್ಕ್ಯಾನಿಂಗ್ ಮಾಡಿಸಬಹುದು, ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಪರೀಕ್ಷೆಯನ್ನೂ ಹೇಳಬಹುದು. ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎನ್ನಬೇಕಾದರೆ ತೊಂದರೆ ಮೂರು ತಿಂಗಳಿಗೂ ಮೀರಿ ಉಳಿದಿರಬೇಕು.

ಬೊಂಡದ ವಿಷಯ. ಅಜ್ಜಿಯ ಕಾಳಜಿ ಅರ್ಥವಾಗುತ್ತದೆ, ಆದರೆ ಎಳನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚು, ಮೂತ್ರಪಿಂಡ ಸರಿಯಾಗಿ ಸೋಸದಿದ್ದರೆ ಅದು ರಕ್ತದಲ್ಲಿ ಉಳಿದುಬಿಡುತ್ತದೆ. ಮರುಪರೀಕ್ಷೆಯ ಫಲಿತಾಂಶ ಬರುವವರೆಗೆ ದಿನವೂ ಕುಡಿಸುವುದನ್ನು ನಿಲ್ಲಿಸಿ. ಜ್ವರ ಬಂದರೆ ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಕೊಡಬೇಡಿ.

ಪ್ರಶ್ನೆ: ತಂಗಿಯ ಮಗುವಿಗೆ ಹುಟ್ಟಿದ ಮರುದಿನ ಕ್ರಿಯಾಟಿನಿನ್ 0.8 ಬಂದಿತ್ತು. ಅದಕ್ಕೂ ಇಂಥ ಲೆಕ್ಕ ಹಾಕಬಹುದೇ?
– ಓದುಗರು, ಮಂಗಳೂರು

ಉತ್ತರ: ಹಾಕಬಾರದು. ಮೇಲಿನ ಸೂತ್ರ ಒಂದು ವರ್ಷ ದಾಟಿದ ಮಕ್ಕಳಿಗಾಗಿ ಮಾಡಿದ್ದು. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ರಕ್ತದಲ್ಲಿರುವುದು ಬಹುಪಾಲು ತಾಯಿಯ ಕ್ರಿಯಾಟಿನಿನ್. ಮುಂದಿನ ಒಂದೆರಡು ವಾರಗಳಲ್ಲಿ ಅದು ಇಳಿಯುತ್ತ ಬರಬೇಕು. ಇಳಿಯದಿದ್ದರೆ, ಅಥವಾ ಮಗು ಮೂತ್ರ ಮಾಡುವುದು ಕಡಿಮೆಯಾದರೆ, ಅಂದೇ ಮಕ್ಕಳ ವೈದ್ಯರಿಗೆ ತೋರಿಸಬೇಕು.